ಗ್ರೀಕ್ ಮನೆಗಳ ಸಸ್ಯಾಹಾರ: ಆಲಿವ್ ಎಣ್ಣೆಯಲ್ಲಿ ತರಕಾರಿ, ಕಾಳು ಬೇಯಿಸುವ ಬಗೆ

ಗ್ರೀಕ್ ಊಟ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ, ಇಲ್ಲವಾದರೆ ಫೆಟಾ ಚೀಸ್ ಹಾಕಿದ ಸಲಾಡ್. ಹೋಟೆಲಿನ ಮೆನು ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಗ್ರೀಸ್‌ನ ಮನೆಗಳಲ್ಲಿ ವಾರದ ದಿನಗಳಲ್ಲಿ ಒಲೆಯ ಮೇಲೆ ಇರುವುದು ಬೇರೆ: ಬೀನ್ಸ್, ಬೆಂಡೆಕಾಯಿ, ಬದನೆ, ಕಾಬೂಲಿ ಕಡಲೆ, ಮಸೂರ್, ದೊಡ್ಡ ಬಿಳಿ ಅವರೆಯಂಥ ಕಾಳು. ಎಲ್ಲವೂ ಆಲಿವ್ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ನಿಧಾನವಾಗಿ ಬೆಂದವು. ಈ ಎಣ್ಣೆ ಅಡುಗೆಗಳಿಗೆ ಅಲ್ಲಿ ಲಾದೆರಾ ಅನ್ನುತ್ತಾರೆ. ಸಸ್ಯಾಹಾರಿಗಳಾದ ನಾವು ಗ್ರೀಕ್ ಅಡುಗೆ ಕಲಿಯಬೇಕು ಅಂದರೆ ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟೊಂದು ಸಸ್ಯಾಹಾರ ಎಲ್ಲಿಂದ ಬಂತು? ಒಂದು ಕಾರಣ ಬಡತನ. ಗುಡ್ಡಗಾಡು, ಕಲ್ಲು ನೆಲ, ಮಾಂಸ ಹಬ್ಬಕ್ಕೆ ಮಾತ್ರ. ಇನ್ನೊಂದು ಕಾರಣ ಉಪವಾಸ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಇದೆ, ಕ್ರಿಸ್ಮಸ್‌ಗೆ ಮುಂಚೆ 40 ದಿನ ಇದೆ, ಆಗಸ್ಟ್ ಮೊದಲ ಎರಡು ವಾರ ಇದೆ, ಇದರ ಮೇಲೆ ವರ್ಷವಿಡೀ ಬುಧವಾರ ಮತ್ತು ಶುಕ್ರವಾರ. ಪೂರ್ತಿ ಪಾಲಿಸಿದರೆ ಹತ್ತಿರ ಹತ್ತಿರ ಅರ್ಧ ವರ್ಷ ಮಾಂಸ, ಮೊಟ್ಟೆ, ಹಾಲು ಇಲ್ಲ, ಕೆಲವು ದಿನ ಬಿಟ್ಟರೆ ಮೀನೂ ಇಲ್ಲ. ಈಗ ಎಲ್ಲರೂ ಅಷ್ಟು ಕಟ್ಟುನಿಟ್ಟಾಗಿ ಮಾಡುವುದಿಲ್ಲ, ಆದರೆ ಆ ಅಡುಗೆಗಳು ಉಳಿದಿವೆ. ಒಂದು ಎಚ್ಚರಿಕೆ: ಆ ಉಪವಾಸದಲ್ಲಿ ಸಿಗಡಿ, ಆಕ್ಟೋಪಸ್, ಕಪ್ಪೆಚಿಪ್ಪಿನಂಥವು ನಡೆಯುತ್ತವೆ. ಹಾಗಾಗಿ ಗ್ರೀಸ್‌ಗೆ ಹೋದಾಗ ಯಾರಾದರೂ "ಇದು ನಿಸ್ತೀಸಿಮೊ, ಉಪವಾಸದ ಊಟ" ಅಂದರೆ ಅದು ನಮ್ಮ ಲೆಕ್ಕದ ಸಸ್ಯಾಹಾರ ಅಂತ ನಂಬಿಬಿಡಬೇಡಿ, ಒಳಗೆ ಏನಿದೆ ಅಂತ ಕೇಳಿ.

ಮೊದಲು ಸಾಮಾನು

ಎಣ್ಣೆಯ ಮಾತು ಮೊದಲು, ಯಾಕೆಂದರೆ ಇಡೀ ಅಡುಗೆ ನಿಂತಿರುವುದು ಅದರ ಮೇಲೆ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯೇ ಬೇಕು. ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಪೋಮಸ್ ಎಣ್ಣೆ ಇದೆಯಲ್ಲ, ಅದು ಹಿಂಡಿ ಉಳಿದ ಹಿಂಡಿಯಿಂದ ತೆಗೆದು ಶುದ್ಧ ಮಾಡಿದ್ದು, ಕರಿಯಲು ಆಗುತ್ತದೆ, ಆದರೆ ಅದರಲ್ಲಿ ರುಚಿ ಇಲ್ಲ. ಈ ಅಡುಗೆಯಲ್ಲಿ ಎಣ್ಣೆಯೇ ಸಾರು, ಎಣ್ಣೆಯೇ ಮಸಾಲೆ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಬಿಸಿ ಮಾಡಬಾರದು ಅಂತ ಕೆಲವರು ಹೇಳುತ್ತಾರೆ. ಟೊಮೆಟೊ, ನೀರಿನ ಜೊತೆ ಸಣ್ಣಗೆ ಕುದಿಯುವ ಪಾತ್ರೆಯ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಅದಕ್ಕೆ ಈ ಎಣ್ಣೆ ಧಾರಾಳವಾಗಿ ತಡೆಯುತ್ತದೆ. ಬಾಟಲಿಯನ್ನು ಒಲೆ ಪಕ್ಕ, ಬೆಳಕಿನಲ್ಲಿ ಇಡಬೇಡಿ, ಬೇಗ ಕೆಡುತ್ತದೆ.

ದುಬಾರಿ, ಗೊತ್ತು. ಅರ್ಧ ಕೆಜಿ ತರಕಾರಿಗೆ 100 ಮಿಲಿ ಎಣ್ಣೆ ಅಂದಾಗ ಗಾಬರಿಯೂ ಆಗುತ್ತದೆ. ಅಷ್ಟು ಬೇಡ ಅನ್ನಿಸಿದರೆ ತಿಂಗಳಿಗೊಮ್ಮೆ ಮಾಡಿ, ಆದರೆ ಸರಿಯಾಗಿ ಮಾಡಿ. ಎರಡು ಚಮಚ ಎಣ್ಣೆ ಹಾಕಿ ಮಾಡಿದರೆ ಅದು ಬೇಯಿಸಿದ ಬೀನ್ಸ್ ಅಷ್ಟೇ.

ಟೊಮೆಟೊ ಚೆನ್ನಾಗಿ ಹಣ್ಣಾಗಿರಬೇಕು. ಅಡ್ಡಕ್ಕೆ ಎರಡು ಹೋಳು ಮಾಡಿ, ಕತ್ತರಿಸಿದ ಕಡೆಯನ್ನು ತುರಿಯುವ ಮಣೆಗೆ ಉಜ್ಜಿ. ತಿರುಳೆಲ್ಲ ಕೆಳಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಗ್ರೀಕ್ ಮನೆಗಳಲ್ಲಿ ಇದೇ ಪದ್ಧತಿ, ಮಿಕ್ಸಿಗೆ ಹಾಕಿದರೆ ನೊರೆ ಬಂದು ಬಣ್ಣ ಪೇಲವವಾಗುತ್ತದೆ. ಅಂದಹಾಗೆ ಟೊಮೆಟೊ ಗ್ರೀಸ್‌ಗೆ ಬಂದದ್ದು 19ನೇ ಶತಮಾನದಲ್ಲಿ. ಈಗ ಅದಿಲ್ಲದ ಗ್ರೀಕ್ ಅಡುಗೆಮನೆ ಊಹಿಸಲೂ ಆಗುವುದಿಲ್ಲ.

ಸೊಪ್ಪಿನ ವಿಷಯದಲ್ಲಿ ನಾವು ಅದೃಷ್ಟವಂತರು. ಗ್ರೀಕರು ಕೈತುಂಬಾ ಬಳಸುವ ಸೊಪ್ಪು ಸಬ್ಬಸಿಗೆ. ಉತ್ತರ ಕರ್ನಾಟಕದ ಪಲ್ಯಕ್ಕೂ, ಬೆಂಗಳೂರು ಕಡೆಯ ಅಕ್ಕಿ ರೊಟ್ಟಿಗೂ ಹಾಕುವ ಅದೇ ಸಬ್ಬಸಿಗೆ. ನಮ್ಮದರ ಘಮ ಸ್ವಲ್ಪ ಜೋರು, ಆದ್ದರಿಂದ ಅವರು ಹೇಳುವ ಅಳತೆಗಿಂತ ಒಂದು ಚೂರು ಕಡಿಮೆ ಹಾಕಿ. ಪಾರ್ಸ್ಲಿ ಸಿಕ್ಕರೆ ತನ್ನಿ. ಸಿಗದಿದ್ದರೆ ಬಿಡಿ, ಕೊತ್ತಂಬರಿ ಮಾತ್ರ ಹಾಕಬೇಡಿ, ರುಚಿ ನಮ್ಮ ಕಡೆಗೆ ತಿರುಗಿಬಿಡುತ್ತದೆ. ಪಲಾವ್ ಎಲೆಯದ್ದೂ ಇದೇ ಕಥೆ. ಅವರ ಎಲೆ (ಬೇ ಲೀಫ್) ಬೇರೆ ಮರದ್ದು, ನಮ್ಮದರಲ್ಲಿ ಚಕ್ಕೆಯ ವಾಸನೆ ಇರುತ್ತದೆ.

ಫೆಟಾ ಬಗ್ಗೆ ಎರಡು ಮಾತು. ಯುರೋಪಿನಲ್ಲಿ 2002ರಿಂದ ಫೆಟಾ ಅನ್ನುವ ಹೆಸರು ಗ್ರೀಸ್‌ನ ಚೀಸ್‌ಗೆ ಮಾತ್ರ ಸಲ್ಲುತ್ತದೆ. ಕುರಿ ಹಾಲಿನಿಂದ ಮಾಡಬೇಕು, ಆಡಿನ ಹಾಲು ಶೇಕಡ 30ರವರೆಗೆ ಸೇರಿಸಬಹುದು. ಹಳೆಯ ಪದ್ಧತಿಯಲ್ಲಿ ಹಾಲು ಒಡೆಸಲು ಕುರಿಮರಿ, ಆಡುಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಲೇಬಲ್ ಮೇಲೆ ಹಸಿರು ಚುಕ್ಕೆ ನೋಡಿಕೊಂಡೇ ಕೊಳ್ಳಿ. ಸಿಗದಿದ್ದರೆ ಗಟ್ಟಿ ಪನೀರನ್ನು ಒಂದು ರಾತ್ರಿ ಚೆನ್ನಾಗಿ ಉಪ್ಪು ಹಾಕಿದ ನೀರಿನಲ್ಲಿ ಫ್ರಿಜ್‌ನಲ್ಲಿಟ್ಟು, ಪುಡಿ ಮಾಡಿ ನಿಂಬೆರಸ ಬೆರೆಸಿ. ಫೆಟಾ ಆಗುವುದಿಲ್ಲ, ಆದರೆ ಕೆಲಸ ಆಗುತ್ತದೆ.

ಬೀನ್ಸ್: ಇದೊಂದು ಕಲಿತರೆ ಉಳಿದದ್ದು ಸುಲಭ

ಫಾಸೊಲಾಕಿಯಾ ಅಂತ ಇದರ ಹೆಸರು. ನಾಲ್ಕು ಜನಕ್ಕೆ ಅರ್ಧ ಕೆಜಿ ಎಳೆ ಬೀನ್ಸ್, 100 ಮಿಲಿ ಆಲಿವ್ ಎಣ್ಣೆ, ಒಂದು ದೊಡ್ಡ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, 400 ಗ್ರಾಂ ಟೊಮೆಟೊ, ಎರಡು ಆಲೂಗಡ್ಡೆ, ಉಪ್ಪು, ಕಾಳುಮೆಣಸಿನ ಪುಡಿ, ಚಿಟಿಕೆ ಸಕ್ಕರೆ, ಒಂದು ಹಿಡಿ ಪಾರ್ಸ್ಲಿ ಅಥವಾ ಸಬ್ಬಸಿಗೆ.

ಬೀನ್ಸ್‌ನ ತೊಟ್ಟು, ನಾರು ತೆಗೆದು ಉದ್ದಕ್ಕೇ ಇಡಿ, ತೀರಾ ಉದ್ದವಿದ್ದರೆ ಎರಡು ತುಂಡು. ಪಲ್ಯಕ್ಕೆ ಹೆಚ್ಚುವ ಹಾಗೆ ಸಣ್ಣಗೆ ಹೆಚ್ಚಿದರೆ ಕರಗಿ ಮುದ್ದೆಯಾಗುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಎಣ್ಣೆ ಹಾಕಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿ. ಕೆಂಪಾಗಬಾರದು, ಮೆತ್ತಗಾಗಿ ಹೊಳೆಯಬೇಕು. ಒಗ್ಗರಣೆ ಇಲ್ಲ, ಸಾಸಿವೆ ಇಲ್ಲ, ಅರಿಸಿನ ಇಲ್ಲ. ಕೈ ತಾನಾಗಿ ಮಸಾಲೆ ಡಬ್ಬಿಗೆ ಹೋಗುತ್ತದೆ, ತಡೆದುಕೊಳ್ಳಿ. ಬೆಳ್ಳುಳ್ಳಿ ಹಾಕಿ ಒಂದು ನಿಮಿಷ ಬಿಟ್ಟು ಬೀನ್ಸ್ ಹಾಕಿ, ಐದು ನಿಮಿಷ ಎಣ್ಣೆಯಲ್ಲಿ ಹೊರಳಿಸಿ. ಆಮೇಲೆ ತುರಿದ ಟೊಮೆಟೊ, ಉಪ್ಪು, ಸಕ್ಕರೆ, ಮುಕ್ಕಾಲು ಲೋಟ ಬಿಸಿನೀರು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಮುಚ್ಚಿ. ಹದಿನೈದು ನಿಮಿಷ ಆದ ಮೇಲೆ ದಪ್ಪ ಹೋಳು ಮಾಡಿದ ಆಲೂಗಡ್ಡೆಯನ್ನು ನಡುನಡುವೆ ಸಿಕ್ಕಿಸಿ ಮತ್ತೆ ಮುಚ್ಚಿ. ಇನ್ನೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು.

ಕುಕ್ಕರ್‌ನಲ್ಲಿ ಎರಡು ವಿಷಲ್‌ಗೆ ಆಗುವುದಿಲ್ಲವಾ ಅಂತ ಕೇಳಬಹುದು. ಬೇಯುತ್ತದೆ, ಆದರೆ ನೀರು ಹಾಗೇ ಉಳಿಯುತ್ತದೆ. ಇಲ್ಲಿ ಬೇಕಾದದ್ದು ನೀರು ಪೂರ್ತಿ ಆರಿ, ಟೊಮೆಟೊ ಗಟ್ಟಿಯಾಗಿ ಎಣ್ಣೆಯ ಜೊತೆ ತರಕಾರಿಗೆ ಅಂಟಿಕೊಳ್ಳುವುದು. ಅದಕ್ಕೇ ಕೊನೆಯ ಹತ್ತು ನಿಮಿಷ ಮುಚ್ಚಳ ತೆಗೆಯಿರಿ. ಪಾತ್ರೆಯನ್ನು ಸ್ವಲ್ಪ ಓರೆ ಮಾಡಿ ನೋಡಿ: ಕೆಳಗೆ ಹರಿಯುವುದು ಕೆಂಪು ಎಣ್ಣೆ ಮಾತ್ರ ಆಗಿದ್ದರೆ ಹದ ಬಂದಿದೆ, ತೆಳ್ಳಗೆ ನೀರು ಕಂಡರೆ ಇನ್ನೂ ಬಿಡಿ. ಬೀನ್ಸ್ ಕರುಂ ಕುರುಂ ಅನ್ನಬಾರದು, ಹಸಿರು ಬಣ್ಣ ಹೋಗಿ ಮಾಸಲಾಗಿರಬೇಕು. ನೋಡಲು ಅಷ್ಟೇನೂ ಚೆಂದ ಇರುವುದಿಲ್ಲ, ಬಾಯಿಗೆ ಹಾಕಿದರೆ ಕರಗುತ್ತದೆ.

ಒಲೆ ಆರಿಸಿ ಉಳಿದ ಎಣ್ಣೆ, ಸೊಪ್ಪು ಹಾಕಿ ಪಾತ್ರೆ ಅಲ್ಲಾಡಿಸಿ. ಅರ್ಧ ಗಂಟೆ ಮುಟ್ಟಬೇಡಿ. ಲಾದೆರಾವನ್ನು ಬಿಸಿಬಿಸಿಯಾಗಿ ತಿನ್ನುವುದಿಲ್ಲ, ಬೆಚ್ಚಗಿದ್ದಾಗ ಅಥವಾ ಪೂರ್ತಿ ಆರಿದ ಮೇಲೆ ತಿನ್ನುತ್ತಾರೆ. ನಮಗೆ ಇದು ಒಗ್ಗುವುದು ಕಷ್ಟ, ನಿಜ. ಆದರೆ ಬಿಸಿಯಲ್ಲಿ ಎಣ್ಣೆ ಜಿಡ್ಡು ಅನ್ನಿಸುತ್ತದೆ, ಆರಿದ ಮೇಲೆ ಅದೇ ಎಣ್ಣೆ ಹಣ್ಣಿನ ಹಾಗೆ ಘಮಘಮಿಸುತ್ತದೆ. ಮರುದಿನ ಇನ್ನೂ ರುಚಿ.

ಇದೇ ದಾರಿಯಲ್ಲಿ ಬೆಂಡೆಕಾಯಿ ಮಾಡಬಹುದು. ಲೋಳೆಗೆ ಗ್ರೀಕರ ಉಪಾಯ ವಿನೆಗರ್. ತುದಿಯನ್ನು ತೆಳ್ಳಗೆ ಚೂಪಾಗಿ ಕೆತ್ತಿ, ಒಳಗಿನ ಬೀಜದ ಗೂಡು ತೆರೆಯದ ಹಾಗೆ ನೋಡಿಕೊಳ್ಳಿ. ಉಪ್ಪು, ಎರಡು ಚಮಚ ವಿನೆಗರ್ ಸವರಿ ಒಂದು ಗಂಟೆ ಬಿಸಿಲಿನಲ್ಲಿಟ್ಟು ತೊಳೆದು ಒರೆಸಿ. ಪಾತ್ರೆಗೆ ಹಾಕಿದ ಮೇಲೆ ಸೌಟು ಆಡಿಸಲೇಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಆಲೂಗಡ್ಡೆ ಬೇಡ, ಅಡುಗೆ ಸಮಯವೂ ಕಡಿಮೆ.

ಡಬಲ್ ಬೀನ್ಸ್ ಇದ್ದರೆ ಯಿಗಾಂಡೆಸ್

ಗ್ರೀಸ್‌ನ ಉತ್ತರದಲ್ಲಿ ಪ್ರೆಸ್ಪಾ ಸರೋವರಗಳ ಹತ್ತಿರ, ಕಸ್ಟೋರಿಯಾ ಕಡೆ, ಹೆಬ್ಬೆರಳು ಗಾತ್ರದ ಬಿಳಿ ಕಾಳು ಬೆಳೆಯುತ್ತಾರೆ. ಅದನ್ನು ಟೊಮೆಟೊ ಜೊತೆ ಒವನ್‌ನಲ್ಲಿ ಬೇಯಿಸಿದರೆ ಯಿಗಾಂಡೆಸ್ ಪ್ಲಾಕಿ. ಆ ಕಾಳು ಇಲ್ಲಿ ಸಿಗುವುದಿಲ್ಲ, ಆದರೆ ನಮ್ಮ ಡಬಲ್ ಬೀನ್ಸ್ ಅದರ ಹತ್ತಿರದ ನೆಂಟ. ಬೇರೆ ಯಾವ ಬದಲಿಗಿಂತ ಇದು ಚೆನ್ನಾಗಿ ಹೊಂದುತ್ತದೆ.

ಕಾಲು ಕೆಜಿ ಒಣ ಡಬಲ್ ಬೀನ್ಸ್ ರಾತ್ರಿ ನೆನೆಸಿ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮುಚ್ಚಳ ಹಾಕದೆ ಹತ್ತು ನಿಮಿಷ ಜೋರಾಗಿ ಕುದಿಸಿ ಅದನ್ನೂ ಚೆಲ್ಲಿ. ಈ ಜಾತಿಯ ಕಾಳಿನಲ್ಲಿ ಹಸಿಯಾಗಿ ತಿಂದರೆ ಆಗದ ಅಂಶ ಇರುವುದರಿಂದ ಇದು ಬಿಡಬಾರದ ಹೆಜ್ಜೆ. ಮತ್ತೆ ನೀರು ಹಾಕಿ, ಬೆರಳಲ್ಲಿ ಒತ್ತಿದರೆ ಮೆದುವಾಗಿ ಆದರೆ ಒಡೆಯದ ಹಾಗೆ ಬೇಯಿಸಿ. ಕಾಳು ಮೆತ್ತಗಾಗುವ ಮುಂಚೆ ಟೊಮೆಟೊ ತಾಗಿಸಬೇಡಿ. ಹುಳಿ ಬಿದ್ದರೆ ಸಿಪ್ಪೆ ಬಿಗಿದುಕೊಳ್ಳುತ್ತದೆ, ಆಮೇಲೆ ಎಷ್ಟು ಹೊತ್ತು ಬೇಯಿಸಿದರೂ ಸುಮ್ನೆ ಗ್ಯಾಸ್ ದಂಡ.

ಬೇರೆ ಪಾತ್ರೆಯಲ್ಲಿ 100 ಮಿಲಿ ಎಣ್ಣೆಯಲ್ಲಿ ಈರುಳ್ಳಿ, ಒಂದು ಕ್ಯಾರೆಟ್, ಒಂದು ಸೆಲೆರಿ ದಂಟು, ಬೆಳ್ಳುಳ್ಳಿ ಬಾಡಿಸಿ, 400 ಗ್ರಾಂ ಟೊಮೆಟೊ ಹಾಕಿ ಹದಿನೈದು ನಿಮಿಷ ಕುದಿಸಿ. ಒಂದು ಚಮಚ ಜೇನು, ಸಬ್ಬಸಿಗೆ, ಉಪ್ಪು. ಬೆಂದ ಕಾಳು, ಅದರ ನೀರು ಒಂದು ಲೋಟ ಸೇರಿಸಿ ಅಗಲ ತಟ್ಟೆಗೆ ಸುರಿದು 180 ಡಿಗ್ರಿ ಒವನ್‌ನಲ್ಲಿ ಮುಕ್ಕಾಲು ಗಂಟೆ. ಮೇಲಿನ ಕಾಳು ಅಲ್ಲಲ್ಲಿ ಕಂದಿ ಅಂಚು ಗರಿಯಾಗಬೇಕು. ಒವನ್ ಇಲ್ಲದಿದ್ದರೆ ದಪ್ಪ ಬಾಣಲೆಯಲ್ಲಿ ಸಣ್ಣ ಉರಿ, ಮುಚ್ಚಳ, ಅರ್ಧ ಗಂಟೆ. ಗರಿ ಬರುವುದಿಲ್ಲ, ರುಚಿಗೆ ಮೋಸ ಇಲ್ಲ. ಹಸಿ ಡಬಲ್ ಬೀನ್ಸ್ ಸಿಗುವ ಕಾಲದಲ್ಲಿ ನೆನೆಸುವ ಕೆಲಸ ತಪ್ಪುತ್ತದೆ.

ಸಿಫ್ನೋಸ್ ದ್ವೀಪದ ಕಡಲೆ

ಇದು ನನಗೆ ಎಲ್ಲಕ್ಕಿಂತ ಇಷ್ಟ. ಸಾಮಾನು ನೋಡಿದರೆ ನಂಬಿಕೆ ಬರುವುದಿಲ್ಲ: ಕಾಬೂಲಿ ಕಡಲೆ, ಈರುಳ್ಳಿ, ಎಣ್ಣೆ, ನೀರು, ಉಪ್ಪು, ಒಂದು ಬೇ ಲೀಫ್. ಸಿಫ್ನೋಸ್‌ನಲ್ಲಿ ಕುಂಬಾರಿಕೆ ಹಳೆಯ ಕಸುಬು. ಅಲ್ಲಿನ ಮುಚ್ಚಳದ ಮಡಕೆಗೆ ಇದನ್ನೆಲ್ಲ ತುಂಬಿ ಶನಿವಾರ ಸಂಜೆ ಸೌದೆ ಒವನ್‌ಗೆ ಕೊಡುತ್ತಾರೆ. ರಾತ್ರಿಯಿಡೀ ಅದು ಆರುತ್ತಿರುವ ಕಾವಿನಲ್ಲಿ ಬೇಯುತ್ತದೆ. ಭಾನುವಾರ ಚರ್ಚ್ ಮುಗಿಸಿ ಬರುವಾಗ ಮಡಕೆ ತಂದು ಊಟ.

ಮನೆಯಲ್ಲಿ ಹೀಗೆ: ಅರ್ಧ ಕೆಜಿ ಕಡಲೆಯನ್ನು 12 ಗಂಟೆ ನೆನೆಸಿ ಬಸಿಯಿರಿ. ಅರ್ಧ ಚಮಚ ಅಡುಗೆ ಸೋಡಾ ಸವರಿ ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಮೂರು ದೊಡ್ಡ ಈರುಳ್ಳಿ ಉದ್ದಕ್ಕೆ ತೆಳ್ಳಗೆ ಹೆಚ್ಚಿ. ಮಡಕೆ ಅಥವಾ ದಪ್ಪ ಪಾತ್ರೆಯಲ್ಲಿ ಕಡಲೆ, ಈರುಳ್ಳಿ, 120 ಮಿಲಿ ಎಣ್ಣೆ, ಕಾಳುಮೆಣಸು, ಆ ಎಲೆ, ಕಡಲೆಯ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು. ಬಿಗಿಯಾಗಿ ಮುಚ್ಚಿ. ಸಂದಿಗೆ ಗೋಧಿ ಹಿಟ್ಟು ಮೆತ್ತಬಹುದು. 150 ಡಿಗ್ರಿಯಲ್ಲಿ ನಾಲ್ಕರಿಂದ ಐದು ಗಂಟೆ. ಉಪ್ಪು ಕೊನೆಯ ಒಂದು ಗಂಟೆ ಇರುವಾಗ ಹಾಕುವುದಾದರೆ ಹಿಟ್ಟು ಮೆತ್ತಬೇಡಿ. ಒಲೆಯ ಮೇಲಾದರೆ ಅತಿ ಸಣ್ಣ ಉರಿಯಲ್ಲಿ ಮೂರು ಗಂಟೆ, ನಡುವೆ ನೀರು ನೋಡುತ್ತಿರಿ, ಬೇಕಾದರೆ ಬಿಸಿನೀರೇ ಹಾಕಿ. ಈರುಳ್ಳಿ ಪೂರ್ತಿ ಕರಗಿ ಕೆನೆಯಾಗಿರುತ್ತದೆ. ತಟ್ಟೆಗೆ ಬಡಿಸಿದ ಮೇಲೆ ನಿಂಬೆ ಹಿಂಡಿ.

ಇದೇ ದ್ವೀಪದ ಮೂಲದವರು ಬಾಣಸಿಗ ನಿಕೊಲಾಸ್ ಚೆಲೆಮೆಂಟೆಸ್. 20ನೇ ಶತಮಾನದ ಮೊದಲ ಅರ್ಧದಲ್ಲಿ ಗ್ರೀಕ್ ಅಡುಗೆಗೆ ಫ್ರೆಂಚ್ ಬೆಣ್ಣೆ, ಬಿಳಿ ಸಾಸ್ ತಂದು ಸೇರಿಸಿದವರು. ಬದನೆ, ಮಾಂಸ ಪದರಪದರವಾಗಿ ಜೋಡಿಸಿ ಬೇಯಿಸುವ ಮುಸಾಕದ ಮೇಲಿನ ದಪ್ಪ ಬಿಳಿ ಪದರ ಅವರ ಕಾಲದ್ದು. ಪೇಟೆಯ ಹೋಟೆಲ್‌ಗಳು ಆ ದಾರಿ ಹಿಡಿದವು, ಹಳ್ಳಿಯ ಎಣ್ಣೆ ಅಡುಗೆ ತನ್ನ ಪಾಡಿಗೆ ಉಳಿಯಿತು. ತರಕಾರಿ ಮುಸಾಕ ಇಲ್ಲಿ ಬರೆಯದೇ ಇರುವುದು ಅದಕ್ಕೇ, ಮಾಂಸ ತೆಗೆದು ಬೇರೆ ಏನೋ ತುರುಕುವುದಕ್ಕಿಂತ ಹುಟ್ಟಿನಿಂದಲೇ ಸಸ್ಯಾಹಾರವಾದದ್ದು ಮಾಡುವುದು ಒಳ್ಳೆಯದು ಅಲ್ವಾ?

ದಿನದ ಬೇಳೆ

ಫಾವಾ: ಕಾಲು ಕೆಜಿ ಹಳದಿ ಬಟಾಣಿ ಬೇಳೆ, ಒಂದು ಈರುಳ್ಳಿ, ನಾಲ್ಕು ಲೋಟ ನೀರು. ನೊರೆ ತೆಗೆಯುತ್ತಾ ಸಣ್ಣ ಉರಿಯಲ್ಲಿ ಕರಗುವವರೆಗೆ ಬೇಯಿಸಿ, ಉಪ್ಪು, ನಿಂಬೆರಸ, ನಾಲ್ಕು ಚಮಚ ಎಣ್ಣೆ ಹಾಕಿ ನುಣ್ಣಗೆ ಕಡೆಯಿರಿ. ಬಿಸಿಯಲ್ಲಿ ತೆಳ್ಳಗೆ ಕಂಡರೂ ಆರಿದಂತೆ ಗಟ್ಟಿಯಾಗುತ್ತದೆ. ಮೇಲೆ ಹಸಿ ಈರುಳ್ಳಿ, ಇನ್ನಷ್ಟು ಎಣ್ಣೆ. ಹೆಸರುವಾಸಿಯಾದದ್ದು ಸ್ಯಾಂಟೊರಿನಿ ದ್ವೀಪದ್ದು, ಅದು ಬೇರೆಯೇ ಜಾತಿಯ ಕಾಳು. ತೊಗರಿಬೇಳೆಯಲ್ಲಿ ಮಾಡಿದರೆ ತೊವ್ವೆಯೇ ಆಗುತ್ತದೆ, ಬೇಡ.

ಫಾಕೆಸ್: ಸಿಪ್ಪೆ ಇರುವ ಇಡೀ ಮಸೂರ್, ಈರುಳ್ಳಿ, ಬೆಳ್ಳುಳ್ಳಿ, ಸ್ವಲ್ಪ ಟೊಮೆಟೊ, ಎಣ್ಣೆ, ಅಷ್ಟೂ ಒಟ್ಟಿಗೆ ನೀರು ಹಾಕಿ ನಲವತ್ತು ನಿಮಿಷ. ಟೊಮೆಟೊ ಮಾತ್ರ ಅರ್ಧ ಬೆಂದ ಮೇಲೆ. ಊಟಕ್ಕೆ ಕುಳಿತಾಗ ಒಬ್ಬೊಬ್ಬರ ತಟ್ಟೆಗೂ ಒಂದು ಚಮಚ ವಿನೆಗರ್. ಆ ವಿನೆಗರ್ ಇಲ್ಲದಿದ್ದರೆ ಸಪ್ಪೆ.

ಅನ್ನ ತುಂಬಿದ ಟೊಮೆಟೊ, ದೊಣ್ಣೆ ಮೆಣಸಿನಕಾಯಿ

ಗೆಮಿಸ್ಟಾ ಬೇಸಿಗೆಯ ಅಡುಗೆ. ಆರು ದೊಡ್ಡ ಗಟ್ಟಿ ಟೊಮೆಟೊ, ನಾಲ್ಕು ದೊಣ್ಣೆ ಮೆಣಸಿನಕಾಯಿ ತೆಗೆದುಕೊಳ್ಳಿ. ಮೇಲಿನಿಂದ ಮುಚ್ಚಳದ ಹಾಗೆ ಕತ್ತರಿಸಿ ಒಳಗಿನದು ತೆಗೆಯಿರಿ. ಟೊಮೆಟೊ ತಿರುಳು ಎಸೆಯಬೇಡಿ, ಅದೇ ಜೀವ. ಎರಡು ಈರುಳ್ಳಿ ಎಣ್ಣೆಯಲ್ಲಿ ಬಾಡಿಸಿ, ಅಕ್ಕಿ ಹಾಕಿ ಎರಡು ನಿಮಿಷ ತಿರುವಿ, ಅರ್ಧ ತಿರುಳು, ಪುದೀನ, ಸಬ್ಬಸಿಗೆ, ಉಪ್ಪು, ಮೆಣಸು ಸೇರಿಸಿ ಇಳಿಸಿ. ಅಕ್ಕಿಯ ಲೆಕ್ಕ ಒಂದು ತರಕಾರಿಗೆ ಒಂದೂವರೆ ದೊಡ್ಡ ಚಮಚ. ಸೋನಾ ಮಸೂರಿ ಸಾಕು, ಬಾಸ್ಮತಿ ಬೇಡ, ಅದು ಉದುರುದುರಾಗಿ ನಿಲ್ಲುತ್ತದೆ. ಮುಕ್ಕಾಲು ಮಾತ್ರ ತುಂಬಿ, ಅಕ್ಕಿ ಅರಳಲು ಜಾಗ ಬೇಕು. ತಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಸಂದಿಯಲ್ಲಿ ಆಲೂಗಡ್ಡೆ, ಉಳಿದ ತಿರುಳು, ಅರ್ಧ ಲೋಟ ನೀರು, ಧಾರಾಳ ಎಣ್ಣೆ. 180 ಡಿಗ್ರಿಯಲ್ಲಿ ಮುಚ್ಚಿ ಒಂದು ಗಂಟೆ, ತೆರೆದು ಅರ್ಧ ಗಂಟೆ.

ತುಂಬುವಷ್ಟು ತಾಳ್ಮೆ ಇಲ್ಲದ ದಿನ ಬದನೆ, ಜುಕಿನಿ, ಆಲೂಗಡ್ಡೆ, ಈರುಳ್ಳಿಯನ್ನು ದಪ್ಪ ಬಿಲ್ಲೆ ಮಾಡಿ, ಟೊಮೆಟೊ, ಎಣ್ಣೆ, ಬೆಳ್ಳುಳ್ಳಿ ಬೆರೆಸಿ ಇದೇ ಕಾವಿನಲ್ಲಿ ಒಂದೂವರೆ ಗಂಟೆ ಬಿಡಿ. ಅದು ಬ್ರಿಯಾಮ್.

ಪಾಲಕ್ ಪೈ

ಸ್ಪಾನಕೊಪಿಟಾಗೆ ಅಂಗಡಿಯ ಫಿಲೊ ಹಾಳೆ (ಕಾಗದದಷ್ಟು ತೆಳ್ಳಗಿನ ಮೈದಾ ಹಾಳೆ) ಸಿಕ್ಕರೆ ರಾತ್ರಿಯೇ ಫ್ರೀಜರ್‌ನಿಂದ ಕೆಳಗಿನ ಖಾನೆಗೆ ಇಳಿಸಿ. ಹೊರಗೆ ಕರಗಿಸಿದರೆ ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಆದರೆ ಹಳ್ಳಿಯ ದಪ್ಪ ಹಾಳೆಯ ಪೈಯೇ ಹೆಚ್ಚು ರುಚಿ. ಚಿರೋಟಿ ಮಾಡಿ ಅಭ್ಯಾಸ ಇರುವವರ ಕೈಗೆ ಅದು ಬೇಗ ಬರುತ್ತದೆ.

ಮೂರು ಲೋಟ ಮೈದಾ, ಮುಕ್ಕಾಲು ಚಮಚ ಉಪ್ಪು, ಮೂರು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್. ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಹಾಕುತ್ತಾ ಚಪಾತಿಗಿಂತ ಮೆತ್ತಗೆ ಹತ್ತು ನಿಮಿಷ ನಾದಿ. ವಿನೆಗರ್ ಇರುವುದರಿಂದ ಹಿಟ್ಟು ಲಟ್ಟಿಸುವಾಗ ಹಿಂದಕ್ಕೆ ಜಗ್ಗುವುದು ಕಡಿಮೆ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ.

ಅಷ್ಟರಲ್ಲಿ ಮುಕ್ಕಾಲು ಕೆಜಿ ಪಾಲಕ್ ತೊಳೆದು ಹೆಚ್ಚಿ, ಒಂದು ಚಮಚ ಉಪ್ಪು ಹಾಕಿ ಕೈಯಲ್ಲಿ ಉಜ್ಜಿ ಅರ್ಧ ಗಂಟೆ ಬಿಟ್ಟು ಹಿಂಡಿ. ನಿಮ್ಮ ಶಕ್ತಿ ಎಷ್ಟಿದೆಯೋ ಅಷ್ಟೂ ಹಾಕಿ ಹಿಂಡಿ. ನೀರು ಉಳಿದರೆ ತಳ ಬೇಯುವುದೇ ಇಲ್ಲ. ಒಂದು ಕಟ್ಟು ಈರುಳ್ಳಿ ಹೂವು, ಒಂದು ಕಟ್ಟು ಸಬ್ಬಸಿಗೆ, ನಾಲ್ಕು ಎಲೆ ಪುದೀನ, 200 ಗ್ರಾಂ ಪುಡಿ ಮಾಡಿದ ಫೆಟಾ, ಮೂರು ಚಮಚ ಎಣ್ಣೆ, ಮೆಣಸು ಬೆರೆಸಿ. ಮತ್ತೆ ಉಪ್ಪು ಹಾಕುವ ಮುಂಚೆ ಒಂದು ಚೂರು ಬಾಯಿಗೆ ಹಾಕಿ ನೋಡಿ. ಬಹಳ ಮನೆಗಳಲ್ಲಿ ಮೊಟ್ಟೆ ಹಾಕುತ್ತಾರೆ, ಉಪವಾಸದ ದಿನ ಮೊಟ್ಟೆ, ಚೀಸ್ ಎರಡೂ ಇಲ್ಲದೆ ಸೊಪ್ಪಿನದ್ದೇ ಮಾಡುತ್ತಾರೆ. ಮೊಟ್ಟೆ ಇಲ್ಲದಾಗ ಎರಡು ದೊಡ್ಡ ಚಮಚ ಚಿರೋಟಿ ರವೆ ಬೆರೆಸಿದರೆ ಉಳಿದ ನೀರು ಹೀರಿಕೊಂಡು ಹೂರಣ ಹಿಡಿದು ನಿಲ್ಲುತ್ತದೆ.

ಹಿಟ್ಟನ್ನು ನಾಲ್ಕು ಉಂಡೆ ಮಾಡಿ, ತಟ್ಟೆಗಿಂತ ಅಗಲಕ್ಕೆ, ಆದಷ್ಟು ತೆಳ್ಳಗೆ ಲಟ್ಟಿಸಿ. ಎಣ್ಣೆ ಸವರಿದ ತಟ್ಟೆಗೆ ಎರಡು ಹಾಳೆ, ನಡುವೆ ಎಣ್ಣೆ. ಹೂರಣ ಹರಡಿ, ಮೇಲೆ ಇನ್ನೆರಡು ಹಾಳೆ, ಮತ್ತೆ ನಡುವೆ ಎಣ್ಣೆ. ಹೊರಗೆ ಇಳಿಬಿದ್ದ ಅಂಚನ್ನು ಒಳಗೆ ಮಡಚಿ ಒತ್ತಿ. ಬೇಯಿಸುವ ಮುಂಚೆಯೇ ಮೇಲಿನ ಹಾಳೆಗೆ ಚಾಕುವಿನಲ್ಲಿ ಗೆರೆ ಹಾಕಿ, ಹಬೆ ಹೊರಗೆ ಹೋಗಬೇಕು, ಬೆಂದ ಮೇಲೆ ಕತ್ತರಿಸಿದರೆ ಚೂರುಚೂರಾಗುತ್ತದೆ. ಒವನ್‌ನ ಕೆಳಗಿನ ಹಂತದಲ್ಲಿ 180 ಡಿಗ್ರಿ, ಐವತ್ತು ನಿಮಿಷದಿಂದ ಒಂದು ಗಂಟೆ. ತಟ್ಟೆ ಅಲ್ಲಾಡಿಸಿದರೆ ಪೈ ಇಡಿಯಾಗಿ ಜಾರಬೇಕು. ಇಪ್ಪತ್ತು ನಿಮಿಷ ಆರಲು ಬಿಡಿ, ಮುಚ್ಚಬೇಡಿ, ಮೆತ್ತಗಾಗುತ್ತದೆ.

ಜೊತೆಗೆ ಏನು?

ಹಳ್ಳಿ ಸಲಾಡ್ ಅಂದರೆ ಟೊಮೆಟೊ, ಸೌತೆಕಾಯಿ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಕಪ್ಪು ಆಲಿವ್, ಮೇಲೆ ಫೆಟಾದ ಒಂದೇ ದೊಡ್ಡ ಹೋಳು, ಒರೆಗಾನೊ, ಎಣ್ಣೆ. ಲೆಟ್ಯೂಸ್ ಇಲ್ಲ. ತ್ಸಾತ್ಸಿಕಿಗೆ ಮೊಸರನ್ನು ಬಟ್ಟೆಯಲ್ಲಿ ಆರು ಗಂಟೆ ಫ್ರಿಜ್‌ನಲ್ಲೇ ಬಸಿಯಲು ಇಡಿ. ತುರಿದ ಸೌತೆಕಾಯಿಗೆ ಉಪ್ಪು ಹಾಕಿ ಹಿಂಡಿ, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ವಿನೆಗರ್, ಎರಡು ಚಮಚ ಎಣ್ಣೆ, ಸಬ್ಬಸಿಗೆ ಬೆರೆಸಿ.

ಲಾದೆರಾಗೆ ದಪ್ಪ ಸಿಪ್ಪೆಯ ಬ್ರೆಡ್ ಬೇಕು, ತಟ್ಟೆಯಲ್ಲಿ ಉಳಿದ ಎಣ್ಣೆ ಒರೆಸಿ ತಿನ್ನಲು. ಸಿಹಿ ಇರುವ ಮೆತ್ತನೆ ಬ್ರೆಡ್ ಹೊಂದುವುದಿಲ್ಲ, ಅದಕ್ಕಿಂತ ಚಪಾತಿ ವಾಸಿ. ಉಳಿದದ್ದನ್ನು ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ತಣ್ಣಗಾದಾಗ ಆಲಿವ್ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದಿಡಿ, ತಾನಾಗಿ ಕರಗುತ್ತದೆ. ಮೈಕ್ರೋವೇವ್ ಬೇಕಾಗಿಲ್ಲ.